ಜೀನ್ಸಿನ ಕೆಳಗೆ ಕರಿ ಬೂಟು

ಪಾಲಿಶ್ ಡಬ್ಬಿ ತೆರೆದರೆ ಸಾಕು, ಅದರ ವಾಸನೆ ಪಾರ್ವತಿನಗರದ ನಮ್ಮ ಪುಟ್ಟ ಮನೆಯ ಅಡುಗೆಕೋಣೆಗೂ ನುಗ್ಗಿ ಒಗ್ಗರಣೆಯ ಘಮವನ್ನು ಆಚೆ ತಳ್ಳಿಬಿಡುತ್ತದೆ. ಮೊನ್ನೆ ಭಾನುವಾರ ಹಾಗೇ ಆಯಿತು. ಸಿರುಗುಪ್ಪದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೊರಟಿದ್ದೆವು. ನಮ್ಮನೆಯವರು ಒಂದು ಕೈಯಲ್ಲಿ ಕರಿ ಬೂಟು, ಇನ್ನೊಂದರಲ್ಲಿ ಮೊಬೈಲು ಹಿಡಿದು ಬಂದರು.

"ಇಲ್ಲಿ ನೋಡಿಲ್ಲಿ. ಲೇಸ್ ಕಟ್ಟೋ ಕರಿ ಬೂಟು ಜೀನ್ಸ್ ಮ್ಯಾಲ ಹಾಕಬಾರ್ದಂತ. ಸೂಟಿಗಷ್ಟೇ ಅಂತ. ಈಗೇನ್ ಮಾಡ್ಲಿ?"

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮನುಷ್ಯ. ಮಕ್ಕಳು ಬರೆದ ಪ್ರತಿ ಸಾಲಿಗೂ ಕಾರಣ ಕೇಳುತ್ತಾರೆ, ಮೊಬೈಲು ಹೇಳಿದ್ದನ್ನು ಮಾತ್ರ ಹಾಗೇ ನಂಬುತ್ತಾರೆ. ನನಗೆ ನಗು ಬಂತು. ನಗುವಿನ ಬೆನ್ನಿಗೇ ಅಪ್ಪನ ನೆನಪು ಬಂತು.

ಅಪ್ಪ ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಬೇರೆ ಬೇರೆ ಥಾನಿನ ಬಟ್ಟೆ ಬೆರೆತು, ಒಂದು ಕಾಲು ಗಾಢ ನೀಲಿ, ಇನ್ನೊಂದು ತುಸು ತೆಳು ಆದ ಪ್ಯಾಂಟುಗಳು ಅಂಗಡಿಗೆ ಹೋಗುತ್ತಿರಲಿಲ್ಲ. ಅವು ಅಪ್ಪನ ಪಾಲಿಗೆ. ಅವುಗಳ ಕೆಳಗೆ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ, ಲೇಸ್ ಬಿಗಿದ ಕರಿ ಬೂಟು. ಮದುವೆಗೂ ಅದೇ, ತರಕಾರಿ ತರಲಿಕ್ಕೂ ಅದೇ.

ನನ್ನನ್ನು ಓದಿಸಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಪ್ರಾರ್ಥನೆಗೆ ಮುಂಚೆ ಸಿಸ್ಟರ್ ಸಾಲು ಹಿಡಿದು ಬರುತ್ತಿದ್ದರು: ಉಗುರು, ರಿಬ್ಬನ್ನು, ಕಾಲುಚೀಲ, ಬೂಟು. ಯಾವುದಕ್ಕೆ ಯಾವುದು ಹೊಂದಬೇಕು ಎನ್ನುವುದು ನನ್ನ ತಲೆಯಲ್ಲಿ ಮಗ್ಗಿಗಿಂತ ಗಟ್ಟಿಯಾಗಿ ಕೂತಿತು. ಈಗಲೂ ರವಿಕೆ ಸೀರೆಯ ಅಂಚಿಗೆ ಕೂಡದಿದ್ದರೆ ನನಗೆ ಊಟ ಸೇರುವುದಿಲ್ಲ, ನಕ್ಕರೆ ನಗಿ. ಶಾಲೆಯಲ್ಲಿ ಪಾಲಕರ ಸಭೆಯ ದಿನ ಟೀಚರು ನನ್ನ ಅಂಕಗಳನ್ನು ಹೊಗಳುತ್ತಿದ್ದರೆ ನನ್ನ ಕಣ್ಣು ಮೇಜಿನ ಕೆಳಗೆ, ಅಪ್ಪನ ಕಾಲಿನ ಮೇಲೆ.

"ಅಪ್ಪಾ, ಆ ಬೂಟು ಈ ಪ್ಯಾಂಟಿಗೆ ಮ್ಯಾಚ್ ಆಗಂಗಿಲ್ಲ" ಎಂದು ಒಮ್ಮೆ ಹೇಳಿಯೇಬಿಟ್ಟೆ.

"ಪ್ಯಾಂಟು ನಾ ಕತ್ತರಿಸಿದ್ದು, ಬೂಟು ನಾ ಕೊಂಡಿದ್ದು. ಎರಡೂ ನಂದಾದ ಮ್ಯಾಲ ಮ್ಯಾಚ್ ಆಗದ ಎಲ್ಲಿ ಹೋಗ್ತಾವ?" ಎಂದು ನಕ್ಕ.

ನನಗೆ ಸಂಬಂಧ ನೋಡುವ ಕಾಲ ಬಂತು. ಎರಡು ಕಡೆ ಮಾತು ಮುರಿದು, ಮೂರನೆಯದು ಸಿರುಗುಪ್ಪದ್ದು: ಹುಡುಗ ಮೇಷ್ಟ್ರು, ಓದಿದ ಮನೆತನ. ಫೋಟೋ ನೋಡಿದಾಗಿನಿಂದ ಇದಾದರೂ ಕೂಡಿಬರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದೆ. ಅಪ್ಪ ಹುಡುಗನ ಮನೆ ನೋಡಲು ಹೊರಡುವ ಹಿಂದಿನ ಸಂಜೆ ನಾನೊಂದು ಘನಕಾರ್ಯ ಮಾಡಿದೆ. ಬೂಟನ್ನು ಕೌದಿಗಳ ಗಂಟಿನ ಹಿಂದೆ ಬಚ್ಚಿಟ್ಟು, ಬಾಗಿಲ ಬಳಿ ಹೊಸ ಚಪ್ಪಲಿ ಇಟ್ಟೆ.

"ಬೂಟೆಲ್ಲಿ?" ಎಂದ ಬೆಳಿಗ್ಗೆ.

"ಹಿಮ್ಮಡಿ ಕಿತ್ತಿತ್ತಪ್ಪಾ. ರಿಪೇರಿಗೆ ಕೊಟ್ಟೀನಿ."

"ನಿನ್ನಿ ಪಾಲಿಶ್ ಮಾಡುವಾಗ ಸರಿ ಇತ್ತಲ್ಲ?" ಎಂದು ಒಂದು ಗಳಿಗೆ ನನ್ನ ಮುಖ ನೋಡಿ, ಚಪ್ಪಲಿ ಮೆಟ್ಟಿ ಹೊರಟ. ಯಾವಾಗಲೂ ಟಕಟಕ ಸದ್ದು ಮಾಡಿಕೊಂಡು ಹೋಗುವವನು ಅವತ್ತು ಹೋದದ್ದೇ ಕೇಳಿಸಲಿಲ್ಲ.

ಅವ್ವ ಕೌದಿ ಮಡಚಿಡಲು ಹೋದವಳು ಬೂಟು ಹಿಡಿದುಕೊಂಡು ಬಂದಳು. ಬೈಯಲಿಲ್ಲ. ನನ್ನೆದುರು ಕೂತಳು.

"ಕುರುಗೋಡು ಕಡೆ ನಿಮ್ಮಪ್ಪನ ಹಳ್ಳ್ಯಾಗ ನಮ್ಮ ಕೇರಿ ಮಂದಿ ದೊಡ್ಡೋಣಿ ದಾಟಬೇಕಂದ್ರ ಚಪ್ಪಲಿ ಕೈಯಾಗ ಹಿಡಕೋಬೇಕಿತ್ತು. ಕಟ್ಟಿ ಮ್ಯಾಲ ಕುಂತಾವ್ರು 'ಬಿಡಲೇ' ಅಂದ್ರ ನಿಮ್ಮಜ್ಜ ತಟ್ಟನ ಬಿಡತಿದ್ದ, ಮಗನ ಮುಂದ. ಮೊದಲ್ನೇ ಪಗಾರದಾಗ ನಿಮ್ಮಪ್ಪ ಲೇಸಿನ ಬೂಟು ತಂದ. ಇದ್ಯಾಕ ಅಂದೆ. 'ಚಪ್ಪಲಿ ಬಿಡಾಕ ಹೊತ್ತು ಹಿಡಿಯಂಗಿಲ್ಲ. ಇದನ್ನ ಬಿಚ್ಚು ಅನ್ನಾವ್ರು, ನಾ ಲೇಸ್ ಬಿಚ್ಚೋತನಕ ನಿಂತು ಕಾಯಬೇಕು' ಅಂದ. ಅದನ್ನ ಹಾಕ್ಕೊಂಡು ದೊಡ್ಡೋಣಿ ಪೂರ್ತಿ ನಡದು ಬಂದ. ಹಿಂದ ನಾನೂ ಇದ್ದೆ. ಯಾರೂ ಪಿಟ್ಟಂತ ಅನ್ಲಿಲ್ಲ."

ಇದು ನನಗೆ ಗೊತ್ತಾಗಬಾರದು ಎಂದೇ ಅಪ್ಪ ನನ್ನನ್ನು ಆ ಕಾನ್ವೆಂಟಿಗೆ ಸೇರಿಸಿದ್ದ. ದಿನಾ ಶಾಲೆಯ ಗೇಟಿನ ತನಕ ನನ್ನ ಪಕ್ಕದಲ್ಲಿ ನಡೆದು ಬಂದದ್ದೂ ಅದೇ ಬೂಟು.

ಚೀಲಕ್ಕೆ ಬೂಟು ತುರುಕಿ, ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆ. ಸಿರುಗುಪ್ಪದ ಬಸ್ಸು ಗುರುಗುಡುತ್ತಿತ್ತು. ಕಿಟಕಿಯಲ್ಲಿ ಅಪ್ಪ. ಚೀಲವನ್ನು ಮೇಲಕ್ಕೆತ್ತಿದೆ. ತೆರೆದು ನೋಡಿದ.

"ರಿಪೇರಿ ಭಾಳ ಲಗೂ ಆತಲ್ಲವ್ವಾ?" ಎಂದ. ಅಲ್ಲೇ ಬೂಟು ಮೆಟ್ಟಿ, ಚಪ್ಪಲಿಗಳನ್ನು ಅದೇ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟ.

"ಯವ್ವಾ, ಹತ್ತತೀಯೋ, ದಾರಿ ಬಿಡತೀಯೋ!" ಎಂದು ಕಂಡಕ್ಟರ್ ಕೂಗಿದ.

ಅಪ್ಪ ಸಂಜೆ ಮರಳಿದಾಗ ನಾನು ಬಾಗಿಲಲ್ಲೇ ಇದ್ದೆ. ಮನೆ ಹೇಗಿದೆ, ಎಷ್ಟು ಜನ ಎಂದು ಅವ್ವ ಕೇಳುತ್ತಲೇ ಇದ್ದಳು. ಅಪ್ಪ ಹೇಳಿದ್ದು ಬೇರೆಯೇ.

"ಹೊಸ್ತಿಲ ಹತ್ರ ಲೇಸ್ ಬಿಚ್ಚಾಕ ನಾ ಬಗ್ಗಿದ್ನಲ್ಲ, ಹುಡುಗ ಓಡಿ ಬಂದು 'ಇರ್ಲಿ ಬರ್ರಿ, ಹಂಗೇ ಒಳಗ ಬರ್ರಿ' ಅಂದ. ನಾನಾಗೇ ಬಿಚ್ಚಿದೆ. ಬಿಚ್ಚೋತನಕ ಪಾಪ ನಿಂತೇ ಇದ್ದ. ಕೂಡಂದ್ರೂ ಕೂಡಲಿಲ್ಲ." ಬಗ್ಗಿ ಲೇಸಿಗೆ ಕೈ ಹಾಕುತ್ತ, "ಹ್ಞೂಂ ಅಂತ ಹೇಳಿ ಬಂದೀನಿ" ಎಂದ.

ಅಪ್ಪನಿಗೆ ಈಗ ಬೆನ್ನು ಬಗ್ಗುವುದಿಲ್ಲ. ಪಟ್ಟಿ ಅಂಟಿಸುವ ಬೂಟು ಹಾಕಿಕೊಂಡು, ಅದನ್ನು ದಿನಕ್ಕೆರಡು ಸಲ ಬೈಯುತ್ತ, ನನ್ನ ತಮ್ಮನ ಮನೆಯಲ್ಲಿ ಆರಾಮಾಗಿದ್ದಾನೆ. ಆದರೆ ಬೂಟು ಬಚ್ಚಿಟ್ಟ ಸಂಗತಿಯನ್ನು ಇಷ್ಟು ವರ್ಷ ನಮ್ಮನೆಯವರಿಗೆ ನಾನು ಹೇಳಿರಲಿಲ್ಲ. ನಾಚಿಕೆ. ಮೊನ್ನೆ, ಒಲೆ ಆರಿಸಿ, ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಮೊಬೈಲು ಕೆಳಗಿಟ್ಟರು. "ಮಾವಗ ನಾ ಆದರಕ್ಕ ನಿಂತಿದ್ದೆ ಅಂದ್ಕೊಂಡಿಯೇನು? ಅಂಜಿ ನಿಂತಿದ್ದೆ. ಕೈ ಎಲ್ಲಿಡಬೇಕು ಅನ್ನೋದಾ ತಿಳಿದಿದ್ದಿಲ್ಲ" ಎಂದು ನಕ್ಕರು. ಆಮೇಲೆ ಕೈಯಲ್ಲಿದ್ದ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಾಕ್ಕೊಳ್ರಿ" ಎಂದೆ.

"ಜೀನ್ಸ್ ಮ್ಯಾಲ?"

"ಜೀನ್ಸ್ ಮ್ಯಾಲನ."

ಮೆಟ್ಟಿಲ ಮೇಲೆ ಕೂತು ಕಟ್ಟಿಕೊಳ್ಳತೊಡಗಿದರು. ಬಸ್ಸಿನ ಹೊತ್ತಾಗಿತ್ತು. ಹೊರಡುವಾಗ 'ಲಗೂ ಲಗೂ' ಎಂದು ಅವರ ಜೀವ ತಿನ್ನುವವಳು ನಾನು. ಅವತ್ತು ಪಕ್ಕದಲ್ಲಿ ಸುಮ್ಮನೆ ನಿಂತೆ, ಎರಡೂ ಲೇಸ್ ಕಟ್ಟಿ ಮುಗಿಯುವ ತನಕ.