ಕಾರಿನ ಪರದೆಯಲ್ಲಿ ಮಗಳ ಹಾಕಿ ಫೈನಲ್

ಗೆಳೆಯರೇ, ಇವತ್ತು ಕೊಡ್ಲಿಪೇಟೆಯ ನಮ್ಮ ಅಂಗಳದಲ್ಲಿ ಎಲೆಕ್ಟ್ರಿಕ್ ಕಾರೇ ಟಿವಿಯಾಯಿತು. ಮಡಿಕೇರಿಯಲ್ಲಿ ಮಗಳ ಶಾಲೆಯ ಹಾಕಿ ಫೈನಲ್, ಅವಳೇ ಗೋಲ್‌ಕೀಪರ್. ಮೊಬೈಲಿನಲ್ಲಿ ಲೈವ್ ಬರುತ್ತಿತ್ತು, ಟಿವಿಯಲ್ಲಿ ಹಾಕೋಣವೆಂದರೆ ಮನೆಯಲ್ಲಿ ಕರೆಂಟಿಲ್ಲ.

"ಈ ಫೋನಲ್ಲಿ ಕೂಸು ಇರುವೆ ತರ ಕಾಣ್ತದೆ ಕಣೇ," ಎಂದು ಅತ್ತೆ ಗೊಣಗಿದರು.

ಫೋನಿನ ಚಿತ್ರ ಕಾರಿನ ಪರದೆಯಲ್ಲಿ ಕಾಣಲೆಂದು ನಿನ್ನೆ ತಂದಿದ್ದ ಅಡಾಪ್ಟರನ್ನು ಕಾರಿಗೆ ಸಿಕ್ಕಿಸಿದೆ. ಎರಡು ಸಲ ಕೈಕೊಟ್ಟಿತು. ಮೂರನೆಯ ಸಲ, ವೈರಿಲ್ಲದೆಯೇ, ಫೋನಿನಲ್ಲಿದ್ದ ಮೈದಾನ ಕಾರಿನ ಪರದೆಗೆ ಬಂತು! ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಅಕ್ಕಪಕ್ಕದವರು ಕಿಟಕಿಗಳಲ್ಲಿ ತಲೆ ತೂರಿಸಿದರು.

ಆಟ ಸಮವಾಗಿ ಶೂಟೌಟಿಗೆ ಹೋಯಿತು. ಕೊನೆಯ ಹೊಡೆತವನ್ನು ಮಗಳು ತಡೆದರೆ ಕಪ್ ನಮ್ಮದು. ಎದುರಾಳಿ ಓಡಿಬಂದಳು. ಅಷ್ಟರಲ್ಲಿ ಪರದೆ ತುಂಬ ಯಾರದೋ ಕರೆ! ಗಾಬರಿಯಲ್ಲಿ ನನ್ನ ಬೆರಳು ಹಸಿರು ಗುಂಡಿಗೇ ತಾಗಿತು. ಅಡಾಪ್ಟರ್ ಮಾರಿದ ಅಂಗಡಿಯವನು ಸ್ಪೀಕರಿನಲ್ಲಿ ಕೇಳಿದ: "ಅಕ್ಕಾ, ಸ್ಕ್ರೀನ್ ಬರ್ತಿದ್ಯಾ?"

"ಫೋನ್ ಇಡಯ್ಯಾ!" ಎಂದು ಇಡೀ ಕಾರು ಕೂಗಿತು.

ಅವನು ಇಟ್ಟಾಗ, ಪರದೆಯಲ್ಲಿ ಗೆಳತಿಯರು ಮಗಳನ್ನು ಎತ್ತಿ ಕುಣಿಸುತ್ತಿದ್ದರು. ಅತ್ತೆ ಕಣ್ಣೊರೆಸಿಕೊಂಡು, "ಬಾಲ್ ತಡೆದಿದ್ದನ್ನ ನಾನು ನೋಡ್ದೆ," ಎಂದರು.

ಆ ಹೊತ್ತಿನಲ್ಲಿ ಪರದೆಯ ಮೇಲಿದ್ದದ್ದು ಅಂಗಡಿಯವನ ಹೆಸರು ಮಾತ್ರ. ಆದರೂ ಸಂಜೆಯಿಂದ ನಾನೂ ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದೇನೆ.