ಹೊಳೆ ಹುಟ್ಟುವುದನ್ನು ಕಾಣಲು ಹೋದ ಮೀನಿನ ಅಕ್ಕ

ಕಳೆದ ವಾರ ನಮ್ಮ ಫ್ಲ್ಯಾಟಿನ ಮೆಟ್ಟಿಲು ಹತ್ತುವಾಗ ಯಾರದೋ ಅಡುಗೆಮನೆಯಿಂದ ಒಣ ಸಿಗಡಿ ಹುರಿಯುವ ವಾಸನೆ ಬಂತು. ಎರಡನೇ ಮಹಡಿಯಲ್ಲೇ ನಿಂತುಬಿಟ್ಟೆ. ಮೊಣಕಾಲು ನೋವಿರಬೇಕೆಂದು ಮಗಳು ತೋಳು ಹಿಡಿದಳು. ನನಗೆ ಮಾತ್ರ ಘಟ್ಟದ ಬುಡದ ಸಿದ್ದಾಪುರದ ನಮ್ಮ ಅಂಗಳ ಕಂಡಿತ್ತು. ಅಲ್ಲಿ ತಲೆಯ ಮೇಲಿನ ಹೆಡಿಗೆ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೂತಿದ್ದ ಮೀನಿನ ಅಕ್ಕ…

ಅಮ್ಮ ಅವಳನ್ನು ಹಾಗೆ ಕರೆಯುತ್ತಿದ್ದಳು, ನಾವು ಮಕ್ಕಳೂ ಹಾಗೇ ಕರೆದೆವು. ಅವಳ ಮನೆ ಕುಂದಾಪುರದ ಕೋಡಿಯಲ್ಲಿ, ಹೊಳೆ ಸಮುದ್ರಕ್ಕೆ ಸೇರುವಲ್ಲಿ. ಬೆಳಗಿನ ಬಸ್ಸಿಗೆ ಬಂಗುಡೆಯೋ ಸಿಗಡಿಯೋ ಹೊತ್ತು ಬಂದು, ಮನೆಮನೆ ತಿರುಗಿ, ಮಧ್ಯಾಹ್ನಕ್ಕೆ ನಮ್ಮಲ್ಲಿ ಗಂಜಿ ಉಂಡು ಹೋಗುವುದು ವಾಡಿಕೆ. ಗಂಜಿಗಿಂತ ಅವಳಿಗೆ ಪ್ರಶ್ನೆಗಳದ್ದೇ ಹಸಿವು. ಕರಿಮೆಣಸಿನ ಬಳ್ಳಿ ಇಂಥದ್ದೇ ಮರ ಬೇಕೆಂದು ಹಟ ಹಿಡಿಯುತ್ತದೆಯೇ? ಆಗಷ್ಟೇ ನಮ್ಮ ಕಡೆ ರಬ್ಬರ್ ತೋಟ ಏಳುತ್ತಿತ್ತು. ಕೆತ್ತಿದ ಮರದಿಂದ ಹಾಲು ತೊಟ್ಟಿಕ್ಕುವುದನ್ನು ನೋಡಿ, “ಮರಕ್ಕೆ ನೋವಾತಿಲ್ಯಾ?” ಎಂದು ಕೇಳಿದ್ದಳು.

ಮನೆಯ ಹಿಂದೆ ವಾರಾಹಿ ಹೊಳೆ. ಒಂದು ದಿನ ಹೆಡಿಗೆ ತೊಳೆಯಲು ಹೋದವಳು ಬಹಳ ಹೊತ್ತು ನೀರನ್ನೇ ನೋಡುತ್ತಾ ನಿಂತಳು.

“ಅಮ್ಮಾ, ಈ ಹೊಳಿ ಒಂದೇ ಬದಿಗ್ ಹರಿತಲೆ! ವಾಪಾಸ್ ಬಪ್ದೇ ಇಲ್ಯಾ?”

ಅಮ್ಮ ನಕ್ಕಳು. ಅಕ್ಕ ನಗಲಿಲ್ಲ. ಕೋಡಿಯಲ್ಲಿ ಭರತಕ್ಕೆ ನೀರು ಒಳಗೆ ನುಗ್ಗುತ್ತದೆ, ಇಳಿತಕ್ಕೆ ಹೊರಗೆ ಬರುತ್ತದೆ. ಹೊಳೆ ಸಮುದ್ರದಲ್ಲೇ ಹುಟ್ಟಿ, ಮೀನು ಮಾರುವ ಹೆಂಗಸರ ಹಾಗೆ ಊರೊಳಗೆ ಹೋಗಿ ಮನೆಗೆ ಮರಳುತ್ತದೆ ಎಂದೇ ಅವಳು ಚಿಕ್ಕಂದಿನಲ್ಲಿ ತಿಳಿದಿದ್ದಳಂತೆ.

“ಹಂಗಾರೆ ಇದ್ ಹುಟ್ಟುದ್ ಎಲ್ಲಿ?”

“ಘಟ್ಟದ್ ಮೇಲೆ,” ಎಂದರು ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ.

“ಘಟ್ಟದ್ ಮೇಲೆ ಎಲ್ಲಿ, ಒಡೇರೆ?”

“ಆಗುಂಬೆ ಬದಿಯಗೆ ಎಲ್ಲೋ.”

“ನೀವ್ ಕಂಡಿದ್ರ್ಯಾ?”

ಅಪ್ಪ ಪೇಪರಿನ ಹಾಳೆ ಮಗುಚಿದರು.

ಇದೆಲ್ಲ ಅರವತ್ತನಾಲ್ಕೋ ಅರವತ್ತೈದೋ, ನನಗೆ ಒಂಬತ್ತು ವರ್ಷ. ಮುಂದಿನ ಬೇಸಿಗೆಯ ಮೊದಲಿಗೆ, ಹೊಳೆ ಬಡವಾಗಿ ಕಲ್ಲುಗಳೆಲ್ಲ ಮೇಲೆ ಕಾಣುವ ಹೊತ್ತಿಗೆ, ಅಕ್ಕ ಒಂದು ಮಧ್ಯಾಹ್ನ ಹೆಡಿಗೆಯನ್ನು ನಮ್ಮ ದನದ ಹಟ್ಟಿಯಲ್ಲಿ ಕವುಚಿಟ್ಟಳು. ಒಣ ಸಿಗಡಿಯ ಗಂಟೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಮಗಾ, ನಾನ್ ಹೊಳಿ ಹುಟ್ಟುದ್ ಕಾಂಬುಕ್ ಹೋತೆ. ಮೂರ್ ದಿವ್ಸಕ್ಕೆ ಬತ್ತೆ. ಯಾರತ್ರೂ ಹೇಳ್ಬೇಡ. ಹೇಳ್ರೆ ಬಿಡುದಿಲ್ಲೆ.”

ಹೇಳುವುದಿಲ್ಲವೆಂದು ತಲೆಯಾಡಿಸಿದೆ. ಅವಳು ಬಸ್ಸಿನ ದಾರಿ ಬಿಟ್ಟು, ಹೊಳೆಯ ದಂಡೆ ಹಿಡಿದು ಮೇಲಕ್ಕೆ ನಡೆದಳು. ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ನನಗೆ ಹೆದರಿಕೆಯಾಗಲಿಲ್ಲ, ಹೊಟ್ಟೆಕಿಚ್ಚಾಯಿತು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಅವಳ ಮಗ ಬಂದ. ದೋಣಿಯಲ್ಲಿ ದುಡಿಯುವ, ಇಪ್ಪತ್ತು ದಾಟಿರದ ಯುವಕ. ಹಿಂದಿನ ಸಂಜೆಯ ಬಸ್ಸಿಗೆ ತಾಯಿ ಹತ್ತಲಿಲ್ಲವೆಂದು ಕಂಡಕ್ಟರ್ ಹೇಳಿದ್ದನಂತೆ. ಹಟ್ಟಿಯಲ್ಲಿ ಹೆಡಿಗೆ ಕಂಡವನೇ ಅಲ್ಲೇ ಕುಸಿದು ಕೂತ. ಹೊಳೆಯಲ್ಲಿ ಕಾಲು ಜಾರಿರಬೇಕು ಎಂದು ಯಾರೋ ಅಂದರು. ಹುಡುಕಲು ಆಳದ ಗುಂಡಿಗಳಲ್ಲಿ ಬಿದಿರಿನ ಕೋಲುಗಳು ಇಳಿದವು. ಅವನು ಕೋಲಿಗಾಗಿ ಕಾಯಲಿಲ್ಲ. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಪ್ರತಿ ಸಲ ಎದ್ದಾಗಲೂ ಅವನ ಖಾಲಿ ಕೈ ನೋಡುತ್ತಾ ನಾನು ದಂಡೆಯಲ್ಲಿ ಕೂತಿದ್ದೆ. ಮಾತು ಕೊಟ್ಟಿದ್ದೆನಲ್ಲ…

ಆ ರಾತ್ರಿ ಅವನು ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ, “ತಂಗಿಗೆ ಎಂತ ಅಂತ ಹೇಳುದ್ ಅಮ್ಮಾ ನಾನ್?” ಎಂದು ನನ್ನಮ್ಮನ ಮುಂದೆ ಅತ್ತ. ನನ್ನಿಂದ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಅಮ್ಮ ಬೆನ್ನಿಗೊಂದು ಬಾರಿಸಿದಳು. ಅಪ್ಪ ಮತ್ತು ಅವನು ಹೊಳೆಯ ಮೇಲ್ಬದಿಯ ಹೊಸಂಗಡಿಯ ಕಡೆ ಹೊರಟರು.

ಅವರು ದಂಡೆಯಲ್ಲಿ ಮೇಲಕ್ಕೆ ಹೋದರು, ಅಕ್ಕ ಮಧ್ಯಾಹ್ನ ರಸ್ತೆಯಲ್ಲಿ ಮರದ ಲಾರಿಯಿಂದ ಇಳಿದಳು! ಕಾಲು ಬಾತಿತ್ತು, ಸೀರೆಯ ಅಂಚು ಮುಳ್ಳಿಗೆ ಹರಿದಿತ್ತು. ಮುಖ ಮಾತ್ರ ಮದುವೆಮನೆಯಿಂದ ಬಂದವಳದ್ದು. ಅಮ್ಮ ಬೈಯುತ್ತಲೇ ಬಿಸಿನೀರು ತಂದಳು. ಅಕ್ಕ ಕಾಲು ನೆನೆಸಿಕೊಂಡು ಹೇಳತೊಡಗಿದಳು.

ಒಂದು ಕಡೆ ಹೊಳೆ ಎರಡಾಗಿತ್ತಂತೆ. ನಿಜವಾದ್ದು ಯಾವುದೆಂದು ಹುಲ್ಲು ಕೊಯ್ಯುವವಳನ್ನು ಕೇಳಿದರೆ “ಎರಡೂ” ಅಂದಳಂತೆ. “ಎಡದ್ರಗೆ ಮೀನ್ ಮರಿ ಇದ್ದಿತ್ತ್ ಕಾಣಿ, ಅದ್ನೇ ಹಿಡ್ಕಂಡ್ ಹೋದೆ.” ರಾತ್ರಿ ಯಾರದೋ ಜಗಲಿಯಲ್ಲಿ ಮಲಗಿದಳು. ಆ ಮನೆಯವರು ಸಮುದ್ರ ಕಂಡವರಲ್ಲ. ನೀರು ಉಪ್ಪಂತೆ, ಹೌದೇ ಎಂದು ಅವರು ಕೇಳಿದರು. ಅವಳು ಸಮುದ್ರದ ಕತೆ ಹೇಳಿ, ಸಿಗಡಿ ಕೊಟ್ಟು, ಅವರ ಗಂಜಿ ಉಂಡಳು. ಎರಡನೆಯ ದಿನ ಇಳಿಹೊತ್ತಿಗೆ ದಾರಿಯೂ ಮುಗಿಯಿತು. ಎರಡು ಕಲ್ಲುಗಳ ನಡುವೆ, ಒಂದು ಮರದ ಬೇರಿನಡಿ, ಕಪ್ಪು ಮಣ್ಣಿನಿಂದ ನೀರು ಒಸರುತ್ತಿತ್ತು.

“ಕೈ ಅಡ್ಡ ಹಿಡ್ದೆ ಅಮ್ಮಾ. ಒಂದ್ ಗಳಿಗೆ ನಿಂತಿತ್! ಕೋಡಿಯಗೆ ದೋಣಿ ಮಗುಚುವ ಹೊಳಿ, ಅಲ್ಲಿ ನನ್ ಕೈಯಗೆ ನಿಂತಿತ್.”

ಸಂಜೆ ಗಂಡಸರು ಮರಳಿದರು. ಅಪ್ಪ ಎಲ್ಲ ಕೇಳಿ, ಅದು ವಾರಾಹಿಯ ಮೂಲವಾಗಿರಲಾರದು, ಅಂಥ ನೂರು ತೊರೆಗಳಿವೆ ಎಂದರು.

“ಇರ್ಲಿ ಒಡೇರೆ. ಅದೂ ನಮ್ ಕೋಡಿಗೇ ಬಪ್ದಲ್ದಾ?”

ಮಗ ಅಂಗಳದ ಆಚೆಯೇ ನಿಂತಿದ್ದ. ಏನೂ ಕೇಳಲಿಲ್ಲ. “ಮರ್ಲ್ ಹಿಡ್ದಿತಾ ನಿಂಗೆ?” ಎಂದಷ್ಟೇ ಹೇಳಿ, ಹೆಡಿಗೆಯನ್ನು ತಾನೇ ಎತ್ತಿ, ಅವಳ ಕೈ ಹಿಡಿದು ಕರೆದುಕೊಂಡು ಹೋದ. ಮುಂದೆ ಮೀನು ತಂದವಳು ಬೇರೆ ಹೆಂಗಸು. ಅವನು ತಾಯಿಯನ್ನು ಘಟ್ಟದ ಬದಿಗೆ ಕಳಿಸುವುದನ್ನೇ ನಿಲ್ಲಿಸಿದನೆಂದು ಅವಳಿಂದ ತಿಳಿಯಿತು. ನಾನು ಬಾಯಿ ಬಿಟ್ಟದ್ದಕ್ಕೇ ಹೀಗಾಯಿತೆಂದು ಬಹಳ ಕಾಲ ಕೊರಗಿದೆ.

ಎಪ್ಪತ್ತೆರಡರ ಸುಮಾರಿಗೆ ಕುಂದಾಪುರದಲ್ಲಿ ಕಾಲೇಜಿಗೆ ಸೇರಿದಾಗ, ಆ ಹೆಂಗಸಿನ ಜೊತೆ ಕೋಡಿಗೆ ಹೋದೆ. ಅಕ್ಕ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ನನ್ನ ಗಲ್ಲ ಹಿಡಿದು ನೋಡಿದಳು. ತಡೆತಡೆದು ತಪ್ಪೊಪ್ಪಿಕೊಂಡೆ.

“ಗೊತ್ತಿತ್ತ್ ಮಗಾ,” ಎಂದು ನಕ್ಕಳು. “ನೀ ಎರಡ್ ದಿನ ಬಾಯಿ ಮುಚ್ಕಂಡದ್ದಕ್ಕೇ ನಾನ್ ಅಲ್ಲಿಗ್ ಮುಟ್ಟಿದೆ. ಮೊದ್ಲೇ ಹೇಳಿರೆ ಹೊಸಂಗಡಿಯಗೇ ಹಿಡಿತಿದ್ರ್.”

ನಾನೂ ನಗಬೇಕಿತ್ತು. ಆದರೆ ಗುಂಡಿಯಲ್ಲಿ ಮುಳುಗಿ ಏಳುತ್ತಿದ್ದ ಅವಳ ಮಗ ಕಣ್ಣ ಮುಂದೆ ಬಂದು ನಿಂತ. ಅದನ್ನು ಅವಳಿಗೆ ಹೇಳಲಿಲ್ಲ… ಅದೇ ಕೊನೆಯ ಭೇಟಿ. ಮದುವೆಯಾಗಿ ಮುಂಬಯಿಗೆ ಹೋದೆ. ಅವಳು ತೀರಿಹೋದ ಸುದ್ದಿ ಅಮ್ಮನ ಕಾಗದದಲ್ಲಿ ಒಂದು ಸಾಲಾಗಿ ಬಂತು.

ಮುಂಬಯಿಯಿಂದ ಊರ ಕಡೆಗೆ ಮರಳಿದ ಮೇಲೂ ಅತ್ತ ತಲೆ ಹಾಕಿರಲಿಲ್ಲ. ಈ ಭಾನುವಾರ ಮಗಳ ಕಾರಿನಲ್ಲಿ ಕೋಡಿಗೆ ಹೋಗಿದ್ದೆ. ಅಕ್ಕನ ಮಗ ಈಗ ನನಗಿಂತಲೂ ಮುದುಕ. ಹೊಸ ಮನೆಯ ಮೆಟ್ಟಿಲಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ. ಸಿದ್ದಾಪುರ ಎಂದ ಕೂಡಲೇ ಗುರುತು ಹಿಡಿದ. ಬಲೆ ಹೊಲಿಯುತ್ತಲೇ ಕೇಳಿದ:

“ಅಮ್ಮ ಅಲ್ಲಿ ಎಂತ ಕಂಡದ್ದಂಬ್ರ್?”

“ನಿಮ್ಗ್ ಹೇಳ್ಲಿಲ್ಯಾ?”

“ಊರೆಲ್ಲ ನೆಗಾಡ್ತಿತ್. ನಂಗೆ ಸಿಟ್ಟ್. ನಾನ್ ಕೇಣ್ಲೇ ಇಲ್ಲೆ.”

ಹೇಳಿದೆ. ಹುಲ್ಲು ಕೊಯ್ಯುವವಳು, ಮೀನಿನ ಮರಿ, ಜಗಲಿ, ಕಪ್ಪು ಮಣ್ಣು, ಎಲ್ಲವನ್ನೂ. ಅವನು ಬಲೆ ಕೆಳಗಿಟ್ಟ.

“ಹೊಳಿ ಎರಡಾಪಲ್ಲಿಂದ ಇನ್ನೊಂದ್ ಸಲ ಹೇಳಿ,” ಎಂದ.

ಮತ್ತೆ ಹೇಳಿದೆ. ಒಂದು ಮಾತೂ ತಪ್ಪಿರಲಿಕ್ಕಿಲ್ಲ. ಆದರೆ ಅವನು ತಲೆ ಬಗ್ಗಿಸಿ ಕಿವಿಗೊಟ್ಟು ಕಾಯುತ್ತಿದ್ದುದು ಬೇರೊಂದು ದನಿಗೆ… ಅದನ್ನು ನಾನು ಎಲ್ಲಿಂದ ತರಲಿ?