ಕಾಪುವಿನ ಮನೆಯಲ್ಲಿ ಕಾಲು ಗೀಟು ನೀರು

"ಎಂತ ಮಗಾ, ಮೀನು ಮಾರುವವರ ಮನೆಯ ನೀರು ನಿನಗೆ ಆಗುವುದಿಲ್ವಾ?"

ಏಪ್ರಿಲ್ ಸೆಕೆಯಲ್ಲಿ ಕಾಪುವಿನ ಗೆಳೆಯನ ತಾಯಿ ಹೀಗೆ ಕೇಳಿದಾಗ ನಾನು ಬೆವತುಹೋದೆ. ಅವರು ತಂದಿಟ್ಟ ಬೆಲ್ಲ, ನೀರನ್ನು ನಾನು ಮುಟ್ಟಿರಲಿಲ್ಲ. ಇಪ್ಪತ್ತನಾಲ್ಕನೇ ವಯಸ್ಸಿಗೇ ಕಿಡ್ನಿ ಕೆಟ್ಟಿರುವ ಸಂಗತಿಯನ್ನು ಗೆಳೆಯನಿಗೂ ಹೇಳಿರಲಿಲ್ಲ. ಕೊನೆಗೆ, ಕುಡಿದ ಲೋಟಕ್ಕೊಂದರಂತೆ ಗೀಟು ಎಳೆದಿಡುವ ಡೈರಿ ತೆಗೆದು ತೋರಿಸಿದೆ. "ಮಣಿಪಾಲದ ಡಾಕ್ಟರು ದಿನಕ್ಕೆ ನಾಲ್ಕೇ ಲೋಟ ನೀರು ಹೇಳಿದ್ದಾರೆ ಅಮ್ಮ. ಇವತ್ತು ಮೂರು ಗೀಟು ಆಗಿದೆ. ಉಳಿದದ್ದು ಮಾತ್ರೆಗೆ ಬೇಕು."

ಅವರು ಒಳಗೆ ಹೋಗಿ, ಮೊಮ್ಮಗುವಿಗೆ ಔಷಧಿ ಕುಡಿಸುವ ಪುಟ್ಟ ಒಳಲೆಯಲ್ಲಿ ನೀರು ತಂದರು. "ಇಷ್ಟು ಕುಡಿ. ಆದರೆ ಬರೆದುಕೋ ಮಾರಾಯ, ಲೆಕ್ಕ ತಪ್ಪಬಾರದು." ಕುಡಿದು, ಅವರೆದುರೇ ಕಾಲು ಗೀಟು ಎಳೆದೆ.

ಆಮೇಲೆ ಯಾರ ಮನೆಗೆ ಹೋದರೂ, ನೀರಿನ ಲೋಟ ಬರುವ ಮೊದಲೇ ನನ್ನ ಕಾಯಿಲೆಯ ಹೆಸರು ಹೇಳಿಬಿಡುತ್ತೇನೆ.